ಮರೀನ್ ಎಂದರೆ ನಾವಿಕನಲ್ಲ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ರಾಯಲ್ ಮರೀನ್ಸ್ ಅಧಿಕಾರಿಗಳನ್ನು ನಮ್ಮ ಪತ್ರಿಕೆಗಳು ಒಮ್ಮೆ ‘ನೌಕಾಪಡೆ ಅಧಿಕಾರಿ’ ಎನ್ನುತ್ತವೆ, ಇನ್ನೊಮ್ಮೆ ‘ಸೇನೆಯ ಜನರಲ್’ ಎನ್ನುತ್ತವೆ. ಈ ದಳ ನೌಕಾಸೇವೆಗೆ ಸೇರಿದ್ದು. ಹುದ್ದೆಗಳ ಹೆಸರು ಮಾತ್ರ ಭೂಸೇನೆಯವು. ನೀರಿನಿಂದ ದಡಕ್ಕೆ ನುಗ್ಗಿ ಹೋರಾಡುವುದು ಇವರ ಕಸುಬು. 2025ರಲ್ಲಿ ಜನರಲ್ ಗ್ವಿನ್ ಜೆಂಕಿನ್ಸ್ ಫಸ್ಟ್ ಸೀ ಲಾರ್ಡ್, ಅಂದರೆ ಬ್ರಿಟನ್ ನೌಕಾಪಡೆಯ ಮುಖ್ಯಸ್ಥ, ಆದರು. ಮರೀನ್ ಅಧಿಕಾರಿಯೊಬ್ಬರು ಆ ಸ್ಥಾನಕ್ಕೇರಿದ್ದು ಅದೇ ಮೊದಲು.

ಈ ಕಸುಬು ಅರ್ಥವಾಗಬೇಕಾದರೆ ಜೆರೆಮಿ ಮೂರ್ ಅವರ ವೃತ್ತಿಯನ್ನು ನೋಡಬೇಕು. 1947ರಲ್ಲಿ ದಳ ಸೇರಿ, ಮಲಯಾದ ಕಾಡಿನಲ್ಲಿ ಮಿಲಿಟರಿ ಕ್ರಾಸ್ ಎಂಬ ಶೌರ್ಯ ಪದಕ ಪಡೆದವರು. ಜನ ಅವರನ್ನು ನೆನೆಯುವುದು ಫಾಕ್‌ಲೆಂಡ್ಸ್‌ನಿಂದ, ಅಂದರೆ ದಕ್ಷಿಣ ಅಟ್ಲಾಂಟಿಕ್‌ನ ಆ ದ್ವೀಪಗಳಿಗಾಗಿ 1982ರಲ್ಲಿ ಬ್ರಿಟನ್–ಅರ್ಜೆಂಟೀನಾ ನಡುವೆ ನಡೆದ ಯುದ್ಧದಿಂದ. ನನ್ನ ಮಟ್ಟಿಗೆ ದೊಡ್ಡದು ಲಿಂಬಾಂಗ್.

1962ರ ಡಿಸೆಂಬರ್‌ನಲ್ಲಿ ಬೋರ್ನಿಯೊ ದ್ವೀಪದ ಬ್ರೂನೈ ದಂಗೆಕೋರರು ಪಕ್ಕದ ಬ್ರಿಟಿಷ್ ವಸಾಹತು ಸಾರವಾಕ್‌ನ ಲಿಂಬಾಂಗ್ ಪಟ್ಟಣ ಹಿಡಿದು ಬ್ರಿಟಿಷ್ ರೆಸಿಡೆಂಟ್ (ಆಡಳಿತಾಧಿಕಾರಿ) ದಂಪತಿ ಸಹಿತ ಹಲವರನ್ನು ಒತ್ತೆಯಿಟ್ಟರು. ಆಗ ಕ್ಯಾಪ್ಟನ್ ಆಗಿದ್ದ ಮೂರ್ ಬಳಿ ಇದ್ದದ್ದು 42 ಕಮಾಂಡೊ ಎಂಬ ಮರೀನ್ ತುಕಡಿಯ 89 ಜನ, ಸರಕು ಸಾಗಿಸುವ ಎರಡು ಚಪ್ಪಟೆ ಬಾರ್ಜ್. ವಿಕರ್ಸ್ ಮಷಿನ್‌ಗನ್‌ಗಳನ್ನು ಹಿಂದಿನ ಬಾರ್ಜ್‌ನಲ್ಲಿಟ್ಟು, ರಾತ್ರಿ ನದಿಯಲ್ಲಿ ಸಾಗಿ, 12ರ ನಸುಕಿನಲ್ಲಿ ನೇರ ಪೊಲೀಸ್ ಠಾಣೆಯತ್ತ ನುಗ್ಗಿದರು. ಸುತ್ತಿ ಬಳಸಿ ಬರುವಷ್ಟರಲ್ಲಿ ಒತ್ತೆಯಾಳುಗಳು ಉಳಿಯುವ ಭರವಸೆ ಇರಲಿಲ್ಲ. ‘ಶರಣಾಗಿ’ ಎಂದು ಮೈಕಿನಲ್ಲಿ ಕೂಗಿದ್ದಕ್ಕೆ ಗುಂಡೇ ಉತ್ತರ. ಚುಕ್ಕಾಣಿ ಹಿಡಿದವನಿಗೆ ಗುಂಡು ತಗುಲಿ ಒಂದು ಬಾರ್ಜ್ ಗುರಿ ತಪ್ಪಿತು; ಅದು ದಡ ಮುಟ್ಟಿದ್ದು ಆಸ್ಪತ್ರೆಗೂ ರೆಸಿಡೆಂಟರ ಬಂಗಲೆಗೂ ನಡುವೆ. ಒತ್ತೆಯಾಳುಗಳು ಇದ್ದದ್ದು ಆ ಆಸ್ಪತ್ರೆಯಲ್ಲೇ! ಐವರು ಮರೀನರು ಸತ್ತರು, ಒತ್ತೆಯಾಳುಗಳು ಬದುಕಿದರು. ಮೂರ್‌ಗೆ ಎರಡನೇ ಮಿಲಿಟರಿ ಕ್ರಾಸ್. ಬಾರ್ಜ್‌ಗಳನ್ನು ನಡೆಸಿದ ನಾವಿಕರ ಮುಖ್ಯಸ್ಥ ಜೆರೆಮಿ ಬ್ಲ್ಯಾಕ್, ಇಪ್ಪತ್ತು ವರ್ಷದ ಮೇಲೆ ಅದೇ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಇನ್ವಿನ್ಸಿಬಲ್ ಎಂಬ ವಿಮಾನವಾಹಕ ಹಡಗಿನ ಕ್ಯಾಪ್ಟನ್.

1982ರಲ್ಲಿ ಮೇಜರ್ ಜನರಲ್ ಮೂರ್ ಭೂಪಡೆಗಳ ದಂಡನಾಯಕರಾಗಿ ಕ್ಯೂಇ2 ಎಂಬ ಪ್ರಯಾಣಿಕ ಹಡಗಿನಲ್ಲಿ ಹೊರಟರು. ಮೇ 21ರಂದು ಪಡೆಗಳು ಫಾಕ್‌ಲೆಂಡ್ಸ್‌ನ ಸ್ಯಾನ್ ಕಾರ್ಲೋಸ್‌ನಲ್ಲಿ ಇಳಿದಾಗ ಅವರಿನ್ನೂ ನಡುಗಡಲಲ್ಲಿ. ಹಡಗಿನ ಉಪಗ್ರಹ ಸಂಪರ್ಕವೂ ಕೆಟ್ಟಿತ್ತು. ಹಾಗಾಗಿ ಲಂಡನ್ ಬಳಿಯ ನಾರ್ತ್‌ವುಡ್ ಯುದ್ಧ ನಿಯಂತ್ರಣ ಕೇಂದ್ರದ ಒತ್ತಡವೆಲ್ಲ ನೇರ ದಡದಲ್ಲಿದ್ದ ಬ್ರಿಗೇಡ್ ಮುಖ್ಯಸ್ಥ ಬ್ರಿಗೇಡಿಯರ್ ಜೂಲಿಯನ್ ಥಾಂಪ್ಸನ್ ತಲೆಗೆ ಬಿತ್ತು. ಗೂಸ್ ಗ್ರೀನ್ ಎಂಬ ಹಳ್ಳಿಯ ಮೇಲಿನ ದಾಳಿ ನಡೆದದ್ದು ಆ ಒತ್ತಡದಿಂದಲೇ. ಮೂರ್ ದಡ ಸೇರಿದ್ದು ಮೇ 30ಕ್ಕೆ. ಎರಡು ಬ್ರಿಗೇಡುಗಳ ಮೇಲೊಬ್ಬ ದಂಡನಾಯಕ ಮೊದಲ ದಿನದಿಂದಲೇ ಅಲ್ಲಿರಬೇಕಿತ್ತು. ಇದು ಮೂರ್ ಅವರ ತಪ್ಪಲ್ಲ, ಏರ್ಪಾಡಿನದು.

ಜೂನ್ 14ರ ರಾತ್ರಿ ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿಯಲ್ಲಿ ಅರ್ಜೆಂಟೀನಾದ ಜನರಲ್ ಮೆನೆಂಡೆಸ್ ಶರಣಾಗತಿ ಪತ್ರದ ‘ಬೇಷರತ್’ ಎಂಬ ಪದವನ್ನು ಪೆನ್ನಿನಿಂದ ಹೊಡೆದುಹಾಕಿದರು. ಮೂರ್ ತಕರಾರೆತ್ತಲಿಲ್ಲ. ಚಳಿಗಾಲ ಶುರುವಾಗಿತ್ತು, ಊಟ–ಸೂರು ಕೊಡಬೇಕಾದ ಸೆರೆಯಾಳುಗಳೇ ಸಾವಿರಾರು ಮಂದಿ ಎದುರಿಗಿದ್ದರು.

ಇತಿ,
ನಿಮ್ಮ ಓದುಗ