ಮೇಲುಕೋಟೆಯ ಕೊಳಗಳತ್ತ ಗಮನವಿರಲಿ

ಮಾನ್ಯ ಸಂಪಾದಕರೇ,

ಮಂಡ್ಯ ಜಿಲ್ಲೆಯ ಮೇಲುಕೋಟೆಯನ್ನು ಹೊರಗಿನವರು ಬಲ್ಲದ್ದು ಚೆಲುವನಾರಾಯಣಸ್ವಾಮಿ ದೇಗುಲ, ವೈರಮುಡಿ ಉತ್ಸವ ಹಾಗೂ ಪುಳಿಯೋಗರೆಯಿಂದ. ಆದರೆ ಹೊಳೆಯಿಲ್ಲದ ಈ ಕಲ್ಲುಗುಡ್ಡದ ಮೇಲೆ ಊರೊಂದು ಶತಮಾನಗಳ ಕಾಲ ಬಾಳಿ ಬಂದದ್ದು, ಬಂಡೆಗಳ ಇಳಿಜಾರಿನಲ್ಲಿ ಹರಿದು ಬರುವ ಮಳೆನೀರನ್ನು ಪೋಲಾಗದಂತೆ ಹಿಡಿದಿಟ್ಟ ಕಲ್ಯಾಣಿ ಮತ್ತು ಕೊಳಗಳಿಂದ. ಒಂದಕ್ಕೊಂದು ತಾಗಿಕೊಂಡೇ ಇರುವ ಅಕ್ಕತಂಗಿಯರ ಕೊಳಗಳಲ್ಲಿ ಒಂದರ ನೀರು ಕುಡಿಯಲು, ಇನ್ನೊಂದರದು ಉಳಿದ ಬಳಕೆಗೆ ಎಂದು ಹಿರಿಯರು ಹೇಳುವುದನ್ನು ಕೇಳಿದಾಗ, ನೀರನ್ನು ಹಂಚಿಕೊಂಡು ಬದುಕುವ ಶಿಸ್ತು ಊರಿನ ನಿತ್ಯದ ನಡೆಯಲ್ಲೇ ಬೆರೆತಿತ್ತೆಂಬುದು ಮನವರಿಕೆಯಾಗುತ್ತದೆ.

ಮನೆಮನೆಗೆ ನಲ್ಲಿ ಬಂದ ಮೇಲೆ ಕೊಳಗಳ ಮೇಲಿನ ಈ ಕಾಳಜಿ ಸಡಿಲವಾಗಿದೆ. ಉತ್ಸವಕ್ಕೆ ಬರುವ ಅಪಾರ ಜನ ಬಿಟ್ಟುಹೋಗುವ ಪ್ಲಾಸ್ಟಿಕ್ ಮೊದಲ ಮಳೆಗೇ ಕೊಚ್ಚಿಕೊಂಡು ಹೋಗಿ ನೀರು ಬರುವ ಕಾಲುವೆಗಳನ್ನು ಕಟ್ಟುತ್ತದೆ. ಕಾಲುವೆ ಕಟ್ಟಿದರೆ ಕೊಳ ಎಷ್ಟು ಆಳವಿದ್ದರೂ ತುಂಬದು. ಆದ್ದರಿಂದ ಮೆಟ್ಟಿಲುಗಳಿಗೆ ಸುಣ್ಣಬಣ್ಣ ಬಳಿಯುವುದಕ್ಕಿಂತ ಮೊದಲು ಜಲಾನಯನದ ಬಂಡೆ, ಕಾಲುವೆಗಳನ್ನು ಶುಚಿಗೊಳಿಸಬೇಕು. ವೈರಮುಡಿ ಮುಗಿದು ಮುಂಗಾರು ಹಿಡಿಯುವವರೆಗೆ ಸಿಗುವ ಬಿಡುವಿನಲ್ಲಿ, ಕೊಳಗಳ ಹಳೆಯ ಹರಿವನ್ನು ಕಂಡು ಬಲ್ಲ ಹಿರಿಯರನ್ನು ಜೊತೆಗಿಟ್ಟುಕೊಂಡು ಈ ಕೆಲಸ ಕೈಗೊಳ್ಳಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓದುಗ, ಪಾಂಡವಪುರ ತಾಲ್ಲೂಕು