ಒಬ್ಬ ನಗರ ಪರಿಷತ್ ಸದಸ್ಯೆ ಏನು ಮಾಡಬಲ್ಲರು? ಸಿಯಾಟಲ್‌ನ ಕ್ಷಮಾ ಸಾವಂತ್ ಅವರ ಹತ್ತು ವರ್ಷ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಪಾಲಿಕೆ ಚುನಾವಣೆಯ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ವಾರ್ಡುಗಳ ಗಡಿ, ಮೀಸಲಾತಿ ಪಟ್ಟಿ, ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಎಂಬ ಲೆಕ್ಕಾಚಾರಗಳೇ ತುಂಬಿರುತ್ತವೆ. ಗೆದ್ದು ಬಂದವರು ಆ ಸ್ಥಾನದಲ್ಲಿ ಕುಳಿತು ಏನು ಮಾಡಬಲ್ಲರು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಮೆರಿಕದ ಸಿಯಾಟಲ್ ನಗರ ಪರಿಷತ್ತಿನಲ್ಲಿ 2014ರ ಜನವರಿಯಿಂದ 2023ರ ಕೊನೆಯವರೆಗೆ ಸದಸ್ಯೆಯಾಗಿದ್ದ ಕ್ಷಮಾ ಸಾವಂತ್ ಅವರ ಸಾರ್ವಜನಿಕ ಜೀವನದ ಬಗ್ಗೆ ತಮ್ಮ ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಪುಣೆಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದ ಸಾವಂತ್ ಮೊದಲು ಓದಿದ್ದು ಕಂಪ್ಯೂಟರ್ ವಿಜ್ಞಾನ. ಅಮೆರಿಕಕ್ಕೆ ಹೋದ ಮೇಲೆ, ಅಷ್ಟು ಶ್ರೀಮಂತ ದೇಶದಲ್ಲೂ ಕಣ್ಣಿಗೆ ಬಿದ್ದ ಬಡತನ ಅವರನ್ನು ಅರ್ಥಶಾಸ್ತ್ರದ ಕಡೆಗೆ ತಿರುಗಿಸಿತು. ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಪಡೆದು ಸಿಯಾಟಲ್‌ಗೆ ಬಂದು ಅಧ್ಯಾಪಕಿಯಾದರು. ಸೋಷಲಿಸ್ಟ್ ಆಲ್ಟರ್ನೇಟಿವ್ ಎಂಬ ಚಿಕ್ಕ ಸಂಘಟನೆ ಸೇರಿದರು. 2012ರಲ್ಲಿ ರಾಜ್ಯ ಶಾಸನಸಭೆಗೆ ಸ್ಪರ್ಧಿಸಿ ಸೋತರು. ಮರುವರ್ಷ ನಗರ ಪರಿಷತ್ತಿಗೆ ನಿಂತಾಗ ಎದುರಿಗಿದ್ದವರು ಹದಿನಾರು ವರ್ಷ ಸದಸ್ಯರಾಗಿದ್ದ ರಿಚರ್ಡ್ ಕಾನ್ಲಿನ್. ಮತ ಎಣಿಕೆಯ ಮೊದಲ ರಾತ್ರಿ ಸಾವಂತ್ ಹಿಂದಿದ್ದರು. ಅಂಚೆಯಲ್ಲಿ ಬಂದ ಮತಗಳನ್ನು ದಿನದಿನವೂ ಎಣಿಸುತ್ತಾ ಹೋದಂತೆ ಮುಂದೆ ಬಂದು ಗೆದ್ದರು. ಸಮಾಜವಾದಿ ಎಂದು ಬಹಿರಂಗವಾಗಿ ಹೇಳಿಕೊಂಡು, ಹೆಚ್ಚು ಕಡಿಮೆ ಒಂದು ಶತಮಾನದ ನಂತರ ಆ ನಗರದಲ್ಲಿ ಗೆದ್ದವರು ಅವರು.

ಅವರ ಚುನಾವಣಾ ಪ್ರಚಾರದ ಮುಖ್ಯ ಬೇಡಿಕೆ ಗಂಟೆಗೆ 15 ಡಾಲರ್ ಕನಿಷ್ಠ ವೇತನ. 2014ರಲ್ಲಿ ವಾಷಿಂಗ್ಟನ್ ರಾಜ್ಯದ ಕನಿಷ್ಠ ವೇತನ 9 ಡಾಲರ್ 32 ಸೆಂಟ್ ಇತ್ತು. ಒಂಬತ್ತು ಜನರ ಪರಿಷತ್ತಿನಲ್ಲಿ ಒಬ್ಬರೇ ಇರುವ ಪಕ್ಷಕ್ಕೆ ಇದು ಹೇಗೆ ಸಾಧ್ಯವಾಯಿತು ಎಂಬುದೇ ನಾವು ಕಲಿಯಬೇಕಾದ ಭಾಗ. ಅಧಿಕಾರ ವಹಿಸಿಕೊಂಡ ತಿಂಗಳಲ್ಲೇ ಅವರು ಮತ್ತು ಅವರ ಸಂಗಡಿಗರು ಬಡಾವಣೆ ಬಡಾವಣೆಗಳಲ್ಲಿ ಕಾರ್ಮಿಕರ ಸಮಿತಿಗಳನ್ನು ಕಟ್ಟತೊಡಗಿದರು. ಪರಿಷತ್ತು ಒಪ್ಪದಿದ್ದರೆ ಸಹಿ ಸಂಗ್ರಹಿಸಿ ಈ ವಿಷಯವನ್ನು ನೇರವಾಗಿ ಮತದಾರರ ಮುಂದಿಡುತ್ತೇವೆ ಎಂದರು. ಅದಕ್ಕೂ ಹಿಂದೆ, 2013ರಲ್ಲಿ, ಫಾಸ್ಟ್‌ಫುಡ್ ಅಂಗಡಿಗಳ ನೌಕರರು ಮುಷ್ಕರ ಹೂಡಿದ್ದರು. ವಿಮಾನ ನಿಲ್ದಾಣವಿರುವ ಪಕ್ಕದ ಸೀಟ್ಯಾಕ್ ಪಟ್ಟಣದ ಮತದಾರರು 15 ಡಾಲರ್‌ಗೆ ಒಪ್ಪಿಗೆ ಕೊಟ್ಟಿದ್ದರು. ಮೇಯರ್ ಎಡ್ ಮರ್ರೆ ಅವರು ಉದ್ಯಮಿಗಳನ್ನೂ ಕಾರ್ಮಿಕ ಸಂಘಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಸಮಿತಿ ರಚಿಸಿದರು. 2014ರ ಜೂನ್ 2ರಂದು ಪರಿಷತ್ತು ಒಮ್ಮತದಿಂದ ಕಾನೂನನ್ನು ಅಂಗೀಕರಿಸಿತು. ದೊಡ್ಡ ಸಂಸ್ಥೆಗಳಿಗೆ ಬೇಗ, ಸಣ್ಣವರಿಗೆ ನಿಧಾನ ಎಂಬ ಹಂತಗಳು ಅದರಲ್ಲಿದ್ದವು. ಆ ವಿಳಂಬವನ್ನು ಸಾವಂತ್ ಸಭೆಯಲ್ಲಿಯೇ ವಿರೋಧಿಸಿದರು. ಅವರ ತಿದ್ದುಪಡಿಗಳು ಬಿದ್ದುಹೋದವು. ಕೊನೆಗೆ ಕಾನೂನಿನ ಪರವಾಗಿಯೇ ಮತ ಹಾಕಿದರು. ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚುತ್ತಾ ಬಂದ ಆ ವೇತನ 2025ರಲ್ಲಿ 20 ಡಾಲರ್ 76 ಸೆಂಟ್ ಮುಟ್ಟಿತ್ತು. ಈ ಕಾನೂನು ಸಾವಂತ್ ಒಬ್ಬರದೇ ಸಾಧನೆ ಎಂದು ನಾನು ಹೇಳುವುದಿಲ್ಲ. ಬೀದಿಯಲ್ಲಿದ್ದವರ ಬೇಡಿಕೆ ಸಭೆಯೊಳಗೆ ಬಂದಾಗ ಅದನ್ನು ಎತ್ತಿ ಹಿಡಿಯಲು ಅಲ್ಲಿ ಒಬ್ಬರಾದರೂ ಇದ್ದರು ಎಂಬುದಷ್ಟೇ ನನ್ನ ಮಾತು, ಮತ್ತು ಅದು ಸಣ್ಣ ಸಂಗತಿಯಲ್ಲ.

ಪರಿಷತ್ ಸದಸ್ಯರಿಗೆ ಆಗ ವರ್ಷಕ್ಕೆ ಸುಮಾರು 1,17,000 ಡಾಲರ್ ಸಂಬಳವಿತ್ತು. ಅದರಲ್ಲಿ ಸಾಮಾನ್ಯ ಕಾರ್ಮಿಕನ ವೇತನದಷ್ಟು, ಅಂದರೆ ಸುಮಾರು 40,000 ಡಾಲರನ್ನು ಮಾತ್ರ ತಮಗಿಟ್ಟುಕೊಂಡು, ತೆರಿಗೆ ಕಳೆದು ಉಳಿದದ್ದನ್ನು ಹೋರಾಟಗಳ ನಿಧಿಗೆ ಕೊಡುತ್ತಿದ್ದರು. ಇದನ್ನು ತೋರಿಕೆ ಎಂದವರಿದ್ದಾರೆ. ಹತ್ತು ವರ್ಷ ಬಿಡದೆ ನಡೆಸಿದ ತೋರಿಕೆಯನ್ನು ನಾನಂತೂ ನೇಮವೆಂದೇ ಕರೆಯುತ್ತೇನೆ.

ಬೆಂಗಳೂರಿನ ಬಾಡಿಗೆದಾರರಿಗೆ ಹತ್ತಿರವಾಗುವಂಥದ್ದು ಅವರು ವಸತಿಯ ವಿಷಯದಲ್ಲಿ ಮಾಡಿದ ಕೆಲಸ. ಇಲ್ಲಿ ಮನೆ ಹಿಡಿಯಲು ಹೋದವರಿಗೆ ಹತ್ತು ತಿಂಗಳ ಅಡ್ವಾನ್ಸ್ ಎಂಬ ಮಾತು ಹೊಸದಲ್ಲ. ಸಿಯಾಟಲ್‌ನಲ್ಲಿ 2016ರಲ್ಲಿ ಬಂದ ಕಾನೂನು ಮನೆಗೆ ಬರುವಾಗ ಕೇಳುವ ಠೇವಣಿ ಮತ್ತು ಶುಲ್ಕಗಳಿಗೆ ಮಿತಿ ಹಾಕಿ, ಅವನ್ನು ಕಂತುಗಳಲ್ಲಿ ಕಟ್ಟಲು ಅವಕಾಶ ಕೊಟ್ಟಿತು. ಅದೇ ವರ್ಷ, ದುರಸ್ತಿಯಿಲ್ಲದೆ ನಿಯಮ ಮೀರಿದ ಮನೆಗಳ ಬಾಡಿಗೆ ಏರಿಸದಂತೆ ಇನ್ನೊಂದು ಕಾನೂನು ಬಂತು. 2020ರಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಬಾಡಿಗೆದಾರರನ್ನು ಹೊರಹಾಕುವುದಕ್ಕೆ ತಡೆ ಬಿತ್ತು. 2021ರಿಂದ ಬಾಡಿಗೆ ಏರಿಸುವ ಮಾಲೀಕರು ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕಾಯಿತು. ಆದರೆ ಬಾಡಿಗೆಗೇ ಮಿತಿ ಹಾಕಬೇಕೆಂಬ ಅವರ ಬಹುಕಾಲದ ಪ್ರಯತ್ನ ಕೈಗೂಡಲಿಲ್ಲ. ಅದನ್ನು ನಗರಗಳು ಮಾಡಕೂಡದೆಂದು ರಾಜ್ಯ 1981ರಲ್ಲೇ ಕಾನೂನು ಮಾಡಿತ್ತು. ರಾಜ್ಯ ಆ ತಡೆ ತೆಗೆದ ದಿನ ಜಾರಿಯಾಗಲಿ ಎಂದು ಅವರು ತಂದ ಮಸೂದೆಯನ್ನೂ 2023ರಲ್ಲಿ ಸಹಸದಸ್ಯರು ಸೋಲಿಸಿದರು.

ದೊಡ್ಡ ಕಂಪನಿಗಳ ಮೇಲಿನ ತೆರಿಗೆಯ ಕಥೆಯೂ ಹೀಗೆಯೇ ಏಳುಬೀಳಿನದು. 2018ರ ಮೇ ತಿಂಗಳಲ್ಲಿ ಒಬ್ಬ ನೌಕರನಿಗೆ ವರ್ಷಕ್ಕೆ 275 ಡಾಲರ್‌ನಂತೆ ತೆರಿಗೆ ಹಾಕಲು ಎಲ್ಲ ಒಂಬತ್ತು ಜನರೂ ಒಪ್ಪಿ, ಅಮೆಜಾನ್ ಮುಂತಾದವರ ವಿರೋಧ ಎದ್ದೊಡನೆ ಒಂದು ತಿಂಗಳೊಳಗೆ ಏಳು ಜನ ಅದನ್ನು ಹಿಂದಕ್ಕೆ ಪಡೆದರು. ಉಳಿದ ಇಬ್ಬರಲ್ಲಿ ಒಬ್ಬರು ಸಾವಂತ್, ಇನ್ನೊಬ್ಬರು ತೆರೆಸಾ ಮೊಸ್ಕೆಡಾ. ಮುಂದಿನ ವರ್ಷದ ಚುನಾವಣೆಯಲ್ಲಿ ವಾಣಿಜ್ಯ ಮಂಡಳಿಯ ರಾಜಕೀಯ ನಿಧಿಗೆ ಅಮೆಜಾನ್ ಸುಮಾರು 15 ಲಕ್ಷ ಡಾಲರ್ ಸುರಿಯಿತು. ಆ ಸಲವೂ ಮೊದಲ ರಾತ್ರಿ ಹಿಂದಿದ್ದ ಸಾವಂತ್ ಕೊನೆಗೆ ಗೆದ್ದರು. 2020ರ ಜುಲೈಯಲ್ಲಿ ಮೊಸ್ಕೆಡಾ ಮಂಡಿಸಿದ, ಮೊದಲಿನದಕ್ಕಿಂತ ದೊಡ್ಡದಾದ ತೆರಿಗೆ ಅಂಗೀಕಾರವಾಯಿತು.

ಅವರ ನಡೆಯಲ್ಲಿ ನನಗೆ ಒಪ್ಪಿಗೆಯಾಗದವೂ ಇವೆ. 2020ರ ಜೂನ್‌ನಲ್ಲಿ ಕೋವಿಡ್ ನಿರ್ಬಂಧವಿದ್ದಾಗಲೇ ಪ್ರತಿಭಟನಕಾರರನ್ನು ನಗರಸಭಾ ಕಟ್ಟಡದೊಳಗೆ ಬಿಟ್ಟುಕೊಂಡರು. ಮೇಯರ್ ಜೆನ್ನಿ ಡರ್ಕನ್ ಅವರ ಮನೆಯ ವಿಳಾಸ ಕಾನೂನಿನ ರಕ್ಷಣೆಯಲ್ಲಿದ್ದರೂ ಅಲ್ಲಿಗೆ ಹೊರಟ ಮೆರವಣಿಗೆಯಲ್ಲಿ ಭಾಗವಹಿಸಿದರು. ಯಾರದೇ ಆಗಲಿ, ಮನೆ ಬಾಗಿಲು ರಾಜಕೀಯದ ಜಾಗವಾಗಬಾರದು. ಪರಿಷತ್ತಿನ ಹಣವನ್ನು ತೆರಿಗೆ ಅಭಿಯಾನಕ್ಕೆ ಬಳಸಿದ್ದನ್ನು ಒಪ್ಪಿಕೊಂಡು 3,500 ಡಾಲರಿಗೂ ಮಿಕ್ಕಿ ದಂಡ ಕಟ್ಟಿದರು. ಈ ಆರೋಪಗಳ ಮೇಲೆ ಅವರನ್ನು ವಾಪಸ್ ಕರೆಸಿಕೊಳ್ಳಲು 2021ರ ಡಿಸೆಂಬರ್‌ನಲ್ಲಿ ಮತದಾನ ನಡೆಯಿತು. 40,000ಕ್ಕೂ ಹೆಚ್ಚು ಮತಗಳಲ್ಲಿ 310 ಮತಗಳ ಅಂತರದಿಂದ ಸ್ಥಾನ ಉಳಿಯಿತು. ತಪ್ಪು ಮಾಡಿದ ಪ್ರತಿನಿಧಿಯನ್ನು ಐದು ವರ್ಷ ಕಾಯದೆ ಪ್ರಶ್ನಿಸುವ ಹಕ್ಕು ಮತದಾರನಿಗಿರುವುದು ಒಳ್ಳೆಯದೆಂದೇ ನಾನು ನಂಬುತ್ತೇನೆ.

2023ರ ಫೆಬ್ರುವರಿ 21ರಂದು ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು ಸಿಯಾಟಲ್. ಪರವಾಗಿ ಆರು, ವಿರುದ್ಧ ಒಂದು ಮತ. ಉದ್ಯೋಗ, ವಸತಿ, ಸಾರ್ವಜನಿಕ ಸ್ಥಳಗಳಿಗೆ ಅನ್ವಯಿಸುವ ಈ ಕಾನೂನನ್ನು ಮಂಡಿಸಿದವರು, ತಾವು ಬ್ರಾಹ್ಮಣ ಕುಟುಂಬದಿಂದ ಬಂದವರೆಂದು ತಾವೇ ಹೇಳಿಕೊಳ್ಳುವ ಸಾವಂತ್. ಇದು ಹಿಂದೂಗಳನ್ನೇ ಗುರಿಯಾಗಿಸುತ್ತದೆ ಎಂದು ಅಲ್ಲಿನ ಕೆಲವು ಸಂಘಟನೆಗಳು ಬಲವಾಗಿ ವಿರೋಧಿಸಿದವು. ಮೈಕ್ರೊಸಾಫ್ಟ್, ಅಮೆಜಾನ್‌ಗಳಲ್ಲಿ ದುಡಿಯುವ ಕನ್ನಡಿಗರ ಮನೆಗಳಲ್ಲೂ ಇದು ಚರ್ಚೆಯಾಗಿರಲೇಬೇಕು. ಕಾನೂನಿನ ಒಕ್ಕಣೆಯಲ್ಲಿ ಯಾವ ಧರ್ಮದ ಹೆಸರನ್ನೂ ಗುರಿಮಾಡಿಲ್ಲ, ಜಾತಿಯ ನೋವುಂಡವರು ತಾವೇ ಸಭೆಗೆ ಬಂದು ಸಾಕ್ಷಿ ನುಡಿದರು. ಹಾಗಾಗಿ ನನ್ನ ಸಹಮತ ಕಾನೂನಿನ ಪರವಾಗಿದೆ.

ಬೆಂಗಳೂರಿಗೂ ಈ ಕಥೆಗೂ ಒಂದು ನೋವಿನ ನಂಟಿದೆ. ಸಾವಂತ್ ಅವರ ವೃದ್ಧ ತಾಯಿ ಇರುವುದು ಇಲ್ಲಿಯೇ. ಅಸ್ವಸ್ಥರಾಗಿದ್ದ ಅವರನ್ನು ನೋಡಲು ಕೇಳಿದ ವೀಸಾ 2025ರ ಆರಂಭದಲ್ಲಿ ಸಿಗಲಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪರಿಷತ್ತು 2020ರಲ್ಲಿ ಕೈಗೊಂಡ ನಿರ್ಣಯವೇ ಇದಕ್ಕೆ ಕಾರಣವೆಂದು ಅವರು ಹೇಳಿದ್ದಾರೆ. ಅವರು ಮತ್ತು ಬೆಂಬಲಿಗರು ಅನುಮತಿಯಿಲ್ಲದೆ ಕಚೇರಿಯೊಳಗೆ ಬಂದರೆಂದು ಸಿಯಾಟಲ್‌ನ ಭಾರತೀಯ ದೂತಾವಾಸ ಆಕ್ಷೇಪಿಸಿತು. ರಾಜಕೀಯ ಭಿನ್ನಾಭಿಪ್ರಾಯ ಏನೇ ಇರಲಿ, ಮಗಳು ತಾಯಿಯನ್ನು ನೋಡುವುದಕ್ಕೆ ಅದು ಅಡ್ಡಿಯಾಗಬಾರದಿತ್ತು.

ನಮ್ಮ ಕಾರ್ಪೊರೇಟರುಗಳಿಗೆ ಸಿಯಾಟಲ್‌ನ ಸದಸ್ಯರಷ್ಟು ಅಧಿಕಾರವಿಲ್ಲ ಎಂಬುದು ನಿಜ. ಕನಿಷ್ಠ ವೇತನ, ಬಾಡಿಗೆ ಕಾನೂನು ಎರಡೂ ಇಲ್ಲಿ ರಾಜ್ಯ ಸರ್ಕಾರದ ಕೈಯಲ್ಲಿವೆ. ನಗರಾಡಳಿತಕ್ಕೆ ವಹಿಸಬಹುದೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿದ 18 ವಿಷಯಗಳಲ್ಲೂ ಎಷ್ಟೋ ಪೂರ್ತಿಯಾಗಿ ಪಾಲಿಕೆಯ ಕೈಗೆ ಬಂದಿಲ್ಲ. ಆದರೂ ಪಾಲಿಕೆಯ ಬಜೆಟ್, ಸ್ಥಾಯಿ ಸಮಿತಿಗಳು, ವಾರ್ಡ್ ಸಮಿತಿಗಳು, ಪೌರಕಾರ್ಮಿಕರ ಕೆಲಸದ ಸ್ಥಿತಿ, ಬೀದಿಬದಿ ವ್ಯಾಪಾರಿಗಳ ಜಾಗ ಇವೆಲ್ಲ ಪಾಲಿಕೆಯ ವ್ಯಾಪ್ತಿಯೊಳಗಿನ ಮಾತೇ. 198 ಸದಸ್ಯರ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಈ ನಗರವನ್ನು ಆಳಿದ್ದು ಅಧಿಕಾರಿಗಳು. ಅಷ್ಟು ಕಾಲ ಬಾಡಿಗೆದಾರರ, ಪೌರಕಾರ್ಮಿಕರ ಅಹವಾಲನ್ನು ನಿಂತು ಹೇಳಲು ಒಂದು ಸಭೆಯೇ ಇರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ವಿನಂತಿ. ನಗರದ ಪಾಲಿಕೆಗಳಿಗೆ ಸ್ಪರ್ಧಿಸುವ ಅಭ್ಯರ್ಥಿಗಳ ಪರಿಚಯವನ್ನು ಪ್ರಕಟಿಸುವಾಗ ಅವರ ಪಕ್ಷ, ಜಾತಿ, ಆಸ್ತಿಗಳ ಜೊತೆಗೆ, ಅವರು ಈ ಹಿಂದೆ ಯಾವ ಬಡಾವಣೆಯ ಯಾವ ಬೇಡಿಕೆಗಾಗಿ ಜನರೊಂದಿಗೆ ನಿಂತಿದ್ದರು, ಗೆದ್ದರೆ ಸಭೆಯ ಮುಂದೆ ಮೊದಲು ಮಂಡಿಸುವ ನಿರ್ಣಯ ಯಾವುದು ಎಂಬ ಎರಡು ಪ್ರಶ್ನೆಗಳನ್ನೂ ಕೇಳಿ, ಉತ್ತರಗಳನ್ನು ಅವರ ಮಾತಿನಲ್ಲೇ ಅಚ್ಚುಹಾಕಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಬೆಂಗಳೂರು