ಪೆಟ್ಟಿಗೆ ಬೇಡ, ಪುಸ್ತಕ ಸಾಕು

ಹಾಸನ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಹೊಸ ಆಟದ ಪ್ಲಾನ್ ಪೂರ್ತಿ ಓದಿದೆ. ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ಓದಿದೆ. ಫೋನಿನಲ್ಲಿ ಮಾತಾಡಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಆಮೇಲೆ ನಿಮ್ಮಪ್ಪ ಫೋನ್ ಕಿತ್ತುಕೊಂಡು ಊಟ ಆಯ್ತಾ ಅಂತ ಕೇಳುತ್ತಾರೆ. ಅದಕ್ಕೇ ಈ ಪತ್ರ.

ಒಪ್ಪಿಗೆಯಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅರಸನಿಗಾಗಿ ಪ್ರಾಣ ಕೊಡುತ್ತೇವೆ ಅಂತ ಆಣೆ ಇಟ್ಟ ಹೊಯ್ಸಳರ ಅಂಗರಕ್ಷಕರಾದ ಗರುಡರ ಮೇಲೆ ರೋಲ್‌ಪ್ಲೇಯಿಂಗ್ ಗೇಮ್ ಮಾಡೋಣ, ಅಂದರೆ ಒಬ್ಬರು ಕಥೆ ನಡೆಸಿ ಉಳಿದವರು ಪಾತ್ರವಾಗಿ ಮಾತಾಡುವ ಆಟ. ನಮ್ಮ ಪ್ರಕಾಶನದ ಹಿಂದಿನ ಎರಡು ಆಟಗಳಿಗಿಂತ ಇದರಲ್ಲಿ ಹುರುಳು ಜಾಸ್ತಿ ಇದೆ. ನನ್ನ ತಕರಾರು ಇರುವುದು ಪೆಟ್ಟಿಗೆಯ ಮೇಲೆ. 300 ಪುಟದ ಬಣ್ಣದ ಪುಸ್ತಕ, ಗಟ್ಟಿ ರಟ್ಟು, ಏಳು ದಾಳದ ಸೆಟ್, ಬಟ್ಟೆಯ ಮೇಲೆ ಅಚ್ಚು ಹಾಕಿದ ದ್ವಾರಸಮುದ್ರದ ನಕ್ಷೆ, ಪ್ಲಾಸ್ಟಿಕ್ ಗೊಂಬೆಗಳು. ಎಲ್ಲ ಸೇರಿ ನಾಲ್ಕು ಸಾವಿರ ರೂಪಾಯಿ. ನೋಡಲು ಚಂದ ಇರುತ್ತದೆ, ಇಲ್ಲ ಅನ್ನುವುದಿಲ್ಲ. ನನ್ನ ಪ್ರಕಾರ 64 ಪುಟದ ಒಂದು ತೆಳು ಪುಸ್ತಕ ಸಾಕು. ನಮ್ಮ ಆಟ ಕೊಂಡವರು ಅವತ್ತು ಸಂಜೆಯೇ ನಾಲ್ಕು ಜನರನ್ನು ಕೂರಿಸಿಕೊಂಡು ಆಡಬೇಕು. ಪೆಟ್ಟಿಗೆ ಕೊಂಡವರು ಅದನ್ನು ಕಪಾಟಿನಲ್ಲಿ ಇಡುತ್ತಾರೆ. ಆಡದೆ ಇಟ್ಟ ಆಟದ ಬಗ್ಗೆ ಯಾರೂ ಇನ್ನೊಬ್ಬರಿಗೆ ಹೇಳುವುದಿಲ್ಲ, ನಮ್ಮಂಥವರಿಗೆ ಬೇರೆ ಜಾಹೀರಾತೂ ಇಲ್ಲ.

ಪುಸ್ತಕದ ಅಂಗಡಿಯವರು ‘ಇದೇನು ಮೇಡಂ, ಕಾದಂಬರಿನಾ, ಆಟನಾ?’ ಅಂತ ಕೇಳಿದಾಗ ನಾನು ತಾಳಮದ್ದಳೆ ಅನ್ನುತ್ತೇನೆ. ನಿಮ್ಮಜ್ಜನ ಊರು ಕೊಪ್ಪದ ಕಡೆ ಮಳೆಗಾಲದಲ್ಲಿ ನಡೆಯುವುದನ್ನು ನೀನೂ ನೋಡಿದ್ದೀಯ. ವೇಷ ಇಲ್ಲ, ರಂಗಸಜ್ಜಿಕೆ ಇಲ್ಲ. ಪ್ರಸಂಗದ ಪುಸ್ತಕ ತೆಳ್ಳಗೆ ಇರುತ್ತದೆ, ಅದರಲ್ಲಿ ಬರೀ ಪದ್ಯ. ಕೃಷ್ಣ ಏನು ಹೇಳಿದ, ಕೌರವ ಏನು ತಿರುಗೇಟು ಕೊಟ್ಟ ಅನ್ನುವುದೆಲ್ಲ ಅಲ್ಲೇ ಕೂತವರ ಬಾಯಲ್ಲಿ ಹುಟ್ಟಬೇಕು. ನಮ್ಮ ಪುಸ್ತಕದ ಕೆಲಸವೂ ಅಷ್ಟೇ. ಹೀಗೆ ಹೇಳಿದರೆ ಅಂಗಡಿಯವರಿಗೆ ತಕ್ಷಣ ಅರ್ಥ ಆಗುತ್ತದೆ. ಆಮೇಲೂ ಮಕ್ಕಳ ವಿಭಾಗದಲ್ಲೇ ಇಡುತ್ತಾರೆ, ಅದು ಬೇರೆ ಮಾತು.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೂಡ ಪೆಟ್ಟಿಗೆಯಲ್ಲೇ ಬಂದಿದ್ದು ಅಮ್ಮಾ’ ಅಂತ ಬರೆದಿದ್ದೀಯ. ಹೌದು, ಈ ಥರದ ಆಟಗಳಲ್ಲಿ ಮೊದಲನೆಯದು ಅದು, 1974ರಲ್ಲಿ ಬಂತು. ಆದರೆ ಆ ಪೆಟ್ಟಿಗೆಯಲ್ಲಿ ಇದ್ದದ್ದು ಏನು? ಮೂರು ತೆಳು ಪುಸ್ತಕ, ಕೆಲವು ಹಾಳೆ. ದಾಳ ಕೂಡ ಇರಲಿಲ್ಲ, ಅದನ್ನು ಬೇರೆ ಕೊಳ್ಳಬೇಕಿತ್ತು. ಅದನ್ನು ಮಾಡಿದವರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೊತೆಗಾರರು ಕೈಯಾರೆ ಜೋಡಿಸಿದ 1000 ಪ್ರತಿ. ಬೆಲೆ 10 ಡಾಲರ್. ಅಷ್ಟನ್ನು ಮಾರಿದ ಮೇಲೆ ಮತ್ತೆ ಅಚ್ಚು ಹಾಕಿಸಿದರು. ಅದನ್ನು ತಂದ ಟಿಎಸ್ಆರ್ ಕಂಪನಿಯೇ ಆಮೇಲೆ ಸಿಕ್ಕಾಪಟ್ಟೆ ಪೆಟ್ಟಿಗೆ, ಪುಸ್ತಕ ತಂದಿತು. ಮಾರಾಟವಾಗದ ಮಾಲು ಅಂಗಡಿಗಳಿಂದ ವಾಪಸ್ ಬಂತು, ಸಾಲ ಏರಿತು, 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಅನ್ನುವ ಇನ್ನೊಂದು ಆಟದ ಕಂಪನಿ ಅದನ್ನು ಕೊಂಡುಕೊಂಡಿತು. ಅಷ್ಟು ದೊಡ್ಡವರಿಗೇ ಹಾಗಾಯಿತು. ನಮ್ಮ ಗೋದಾಮು ಅಂದರೆ ನಿನ್ನ ಹಳೇ ಮಂಚದ ಕೆಳಗಿನ ಜಾಗ.

ಈಗ ದಾಳದ ವಿಷಯ. ಪಾತ್ರ ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಅಂತ ತೀರ್ಮಾನಿಸಲು ಎಸೆಯುವ 20 ಮುಖದ ದಾಳ ಹಾಸನದಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕವಡೆ ಮಾತ್ರ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದರೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಚೌಕಾಬಾರದ ಕವಡೆ ಇದ್ದೇ ಇರುತ್ತದೆ. ನೀನು ಸುಮ್ನೆ ‘ದಾಳ ಇಲ್ಲದಿದ್ದರೆ ಕವಡೆ ಬಳಸಬಹುದು’ ಅಂತ ಕೊನೆಯ ಪುಟದಲ್ಲಿ ಒಂದು ಸಾಲು ಬರೆದು ಬಿಟ್ಟಿದ್ದೀಯ. ಅದನ್ನು ಮೊದಲ ಪುಟಕ್ಕೆ ತಾ. 20 ಮುಖದ ದಾಳದಲ್ಲಿ ಪ್ರತಿ ಅಂಕೆಗೂ 5 ಪರ್ಸೆಂಟ್ ಅವಕಾಶ. ಒಂದು ಬೀಳುವುದೂ ಅಷ್ಟೇ, ಹತ್ತು ಬೀಳುವುದೂ ಅಷ್ಟೇ. ನಾಲ್ಕು ಕವಡೆ ಹಾಗಲ್ಲ. ಒಟ್ಟು 16 ರೀತಿಯಲ್ಲಿ ಬೀಳಬಹುದು. ಅದರಲ್ಲಿ ಎರಡು ಮೇಲೆ ಎರಡು ಕೆಳಗೆ ಆಗುವುದು 6 ಸಲ. ನಾಲ್ಕೂ ಮೇಲಾಗುವುದು ಒಂದೇ ಸಲ. ನಾಲ್ಕೂ ಕವುಚಿ ಬೀಳುವುದೂ ಒಂದೇ ಸಲ. ಹಾಗಾಗಿ ನಾಲ್ಕೂ ಬಿದ್ದಾಗ ಕೂತವರು ಕೂಗುತ್ತಾರೆ.

ನಿನ್ನ ‘ಆಣೆ’ಯ ನಿಯಮ ಇದರ ಮೇಲೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡು. ಕಷ್ಟದ ಕೆಲಸಕ್ಕೆ ಮೂರು ಕವಡೆ ಮೇಲೆ ಬೀಳಬೇಕು ಅಂತ ಇಟ್ಟುಕೋ. ನಾಲ್ಕು ಕವಡೆ ಎಸೆದರೆ 16ರಲ್ಲಿ 5 ಸಲ ಗೆಲುವು. ಆಟಗಾರ ತಾನು ಇಟ್ಟ ಆಣೆಗೆ ತಕ್ಕಂತೆ ನಡೆದರೆ ಐದನೇ ಕವಡೆ ಕೊಡು. ಆಗ 32ರಲ್ಲಿ 16, ಸರಿಯಾಗಿ ಅರ್ಧ. ಒಂದು ಕವಡೆಯಿಂದ ಮೂರನೇ ಒಂದಕ್ಕಿಂತ ಕಡಿಮೆ ಇದ್ದದ್ದು ಅರ್ಧಕ್ಕೆ ಬಂತು. ನೀನು ಎರಡು ಪುಟ ಕೋಷ್ಟಕ ಹಾಕಿ ಮಾಡಿದ್ದನ್ನು ಇದು ಒಂದು ಸಾಲಿನಲ್ಲಿ ಮಾಡುತ್ತದೆ. ನಿಜವಾದ ಕವಡೆ ಲೆಕ್ಕದ ಹಾಗೆ ಅರ್ಧಕ್ಕರ್ಧ ಬೀಳುವುದಿಲ್ಲ, ಒಂದೊಂದರ ಬೆನ್ನು ಒಂದೊಂದು ಥರ. ಇರಲಿ ಬಿಡು. ಎಲ್ಲರೂ ಎಸೆಯುವುದು ಅದೇ ಕವಡೆಗಳನ್ನು ತಾನೇ.

ತೆರಿಗೆಯ ಮಾತು ನಿನಗೆ ಬೇಜಾರು, ಆದರೂ ಓದು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ದಾಳ, ಗೊಂಬೆ, ಆಟದ ಸಾಮಾನಿಗೆ ಇದೆ. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಒಂದೇ ಬೆಲೆಗೆ ಮಾರಿದರೆ, ಒಳಗಿನ ಸಾಮಾನಿನಲ್ಲಿ ಯಾವುದಕ್ಕೆ ದರ ಜಾಸ್ತಿಯೋ ಆ ದರ ಇಡೀ ಪೆಟ್ಟಿಗೆಗೆ ಬೀಳುತ್ತದೆ. ಪುಸ್ತಕವೂ ಅದರ ಜೊತೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬರೀ ಅಚ್ಚಾದ ಪುಸ್ತಕ ಮಾರುವವರು ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ. ತೆರಿಗೆ ಇರುವ ಒಂದು ಪೆಟ್ಟಿಗೆಯನ್ನು ಹೈದರಾಬಾದಿಗೆ ಮಾರಿದರೆ ಮಾಡಿಸಬೇಕು, ಆಮೇಲೆ ರಿಟರ್ನ್ ಸಲ್ಲಿಸುತ್ತಾ ಕೂರಬೇಕು. ಕೂರುವವರು ಯಾರು? ನಾನೇ.

ಅಂಚೆಯೂ ಹಾಗೇ. ಹಳೇ ಬುಕ್ ಪೋಸ್ಟ್ 2024ರ ಕೊನೆಗೆ ನಿಂತುಹೋಯಿತು. 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಬಂದಿದೆ, 300 ಗ್ರಾಂಗೆ 20 ರೂಪಾಯಿಯಿಂದ ಶುರು. ಅದು ಓದಿನ, ಸಂಸ್ಕೃತಿಯ ಪುಸ್ತಕಗಳಿಗೆ ಇರುವುದು. ನಮ್ಮದನ್ನು ತೆಗೆದುಕೊಳ್ಳುತ್ತಾರಾ ಅಂತ ಹೆಡ್ ಪೋಸ್ಟ್ ಆಫೀಸಿನಲ್ಲಿ ವಿಚಾರಿಸುತ್ತೇನೆ. ತೆಗೆದುಕೊಳ್ಳದಿದ್ದರೂ ಚಿಂತೆ ಇಲ್ಲ. 64 ಪುಟದ ಪುಸ್ತಕ 100 ಗ್ರಾಂ ದಾಟುವುದಿಲ್ಲ. ಪೆಟ್ಟಿಗೆ ಆದರೆ ಎರಡು ಕೆಜಿ, ಮೇಲೆ ಬಬಲ್ ರ‍್ಯಾಪ್, ಆದರೂ ಮೂಲೆ ನಜ್ಜುಗುಜ್ಜಾಗಿ ತಲುಪುತ್ತದೆ.

64 ಪುಟ ಯಾಕೆ ಅಂತ ಕೇಳುತ್ತೀಯ. ಡೆಮ್ಮಿ ಸೈಜಿನಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಅಚ್ಚು ಹಾಕಿ ಮಡಿಸುವ ಒಂದು ಹಾಳೆ. ನಾಲ್ಕು ಫಾರಂ ಅಂದರೆ 64. ಸೆಂಟರ್ ಪಿನ್ ಹೊಡೆಸಿದರೆ ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟರೆ ಹಾಗೇ ಇರುತ್ತದೆ, ಪೇಸ್ಟ್ ಬೈಂಡಿಂಗ್ ಆದರೆ ಮುಚ್ಚಿಕೊಳ್ಳುತ್ತದೆ. ಒಂದು ಕೈಯಲ್ಲಿ ಕವಡೆ, ಇನ್ನೊಂದು ಕೈಯಲ್ಲಿ ಚಕ್ಕುಲಿ ಹಿಡಿದವರಿಗೆ ಅದೇ ಮುಖ್ಯ. 66 ಪುಟ ಆಯಿತು ಅಂತ ಮಾತ್ರ ಬರಬೇಡ. ಆ ಎರಡು ಪುಟಕ್ಕೆ ಅರ್ಧ ಫಾರಂ ಹಾಕಬೇಕು, ಪ್ಲೇಟ್ ಬೇರೆ ಮಾಡಿಸಬೇಕು. ಒಳಗೆಲ್ಲ ಒಂದೇ ಬಣ್ಣ ಇರಲಿ. ಬಣ್ಣದ ಪುಟ ಅಂದರೆ ಒಂದು ಪ್ಲೇಟಿನ ಜಾಗದಲ್ಲಿ ನಾಲ್ಕು. ಬಣ್ಣದ ಆಸೆಯನ್ನೆಲ್ಲ ರಕ್ಷಾಪುಟಕ್ಕೆ ಇಟ್ಟುಕೋ.

ಲೇಔಟ್ ನನಗೆ ಬಿಡು. ನಿನ್ನ ಸ್ನೇಹಿತ ಮಾಡಿದ ಸ್ಯಾಂಪಲ್ ನೋಡಿದೆ. ಇಂಗ್ಲಿಷ್ ಪುಸ್ತಕದ ಅಳತೆಯನ್ನೇ ಇಟ್ಟಿದ್ದಾನೆ, 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತಿದೆ. ಕನ್ನಡಕ್ಕೆ 14, 15 ಬೇಕೇ ಬೇಕು. ಯೂನಿಕೋಡ್ ಫಾಂಟನ್ನೇ ಹಾಕುತ್ತೇನೆ. ಹಳೇ ನುಡಿ ಫಾಂಟಿನಲ್ಲಿ ಪಿಡಿಎಫ್ ಮಾಡಿದರೆ ಫೋನಿನಲ್ಲಿ ‘ಆಣೆ’ ಅಂತ ಹುಡುಕಿದಾಗ ಏನೂ ಸಿಗುವುದಿಲ್ಲ. ಪುಸ್ತಕ ಕೊಂಡವರಿಗೆಲ್ಲ ಪಿಡಿಎಫ್ ಸುಮ್ಮನೆ ಕೊಡೋಣ. ವಾಟ್ಸಾಪಿನಲ್ಲಿ ಹಂಚುತ್ತಾರೆ, ಗೊತ್ತು. ಹಂಚಿಸಿಕೊಂಡವರಲ್ಲಿ ಯಾರೋ ಒಬ್ಬರು ಆಟ ನಡೆಸಲು ಕೂತರೆ ಅವರಿಗೆ ಪುಸ್ತಕ ಬೇಕಾಗುತ್ತದೆ.

ನಿನ್ನ ಕರಡನ್ನು ಮಹಡಿ ಮನೆಯ ಇಂಜಿನಿಯರಿಂಗ್ ಹುಡುಗರಿಗೆ ಕೊಟ್ಟಿದ್ದೆ. ನೀನೂ ಇಲ್ಲ, ನಾನೂ ಏನೂ ಹೇಳುವುದಿಲ್ಲ, ನೀವೇ ಓದಿಕೊಂಡು ಆಡಿ ಅಂದೆ. ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿದೆ. ಅದೆಷ್ಟು ಕಷ್ಟ ಗೊತ್ತಾ! ಆಟ ನಡೆಸುತ್ತಿದ್ದ ಹುಡುಗ ಆಣೆಯ ನಿಯಮಕ್ಕಾಗಿ ಪುಟ ತಿರುವುತ್ತಲೇ ಇದ್ದ. ನೀನು ಅದನ್ನು ಮೂರು ಕಡೆ ಚೂರು ಚೂರಾಗಿ ಬರೆದಿದ್ದೀಯ. ಶುರುವಿನ 12 ಪುಟ ಹೊಯ್ಸಳರ ಇತಿಹಾಸವನ್ನು ಯಾರೂ ಓದಲಿಲ್ಲ, ಹಾರಿಸಿಬಿಟ್ಟರು. ಆದರೆ ಒಬ್ಬ ಹುಡುಗ, ಇಡೀ ಸಂಜೆ ಮಾತಾಡದವನು, ಅರಸನಿಗೆ ಕೊಟ್ಟ ಆಣೆಗೂ ತಮ್ಮನ ಜೀವಕ್ಕೂ ನಡುವೆ ಸಿಕ್ಕಿಕೊಂಡಾಗ ಎದ್ದು ನಿಂತು ಮಾತಾಡಿದ. ಉಳಿದವರು ಫೋನ್ ಕೆಳಗಿಟ್ಟರು. ನಿನ್ನ ಆಟ ಇರುವುದು ಅಲ್ಲಿ. ಅದು 300 ಪುಟ ಕೇಳುವುದಿಲ್ಲ. ಆಣೆ, ಕವಡೆ, ಒಂದು ಸಿದ್ಧ ಕಥೆ, ಆಟ ನಡೆಸುವವರಿಗೆ ‘ಇಲ್ಲಿ ಸಿಕ್ಕಿಕೊಂಡರೆ ಹೀಗೆ ಮಾಡಿ’ ಅನ್ನುವ ಎಂಟು ಪುಟ. ಇಷ್ಟನ್ನು ಮೊದಲು ಇಡು. ಇತಿಹಾಸ ಹಿಂದಕ್ಕೆ ಹೋಗಲಿ.

ಒಂದು ವಿಷಯದಲ್ಲಿ ಜಾಗ್ರತೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಗುಡಿಯ ಪಕ್ಕ ಗರುಡಗಂಬ ಇದೆ, ಚಿಕ್ಕವಳಿದ್ದಾಗ ನೋಡಿದ್ದೀಯ. ವೀರಬಲ್ಲಾಳನ ಜೊತೆ ಪ್ರಾಣ ಬಿಟ್ಟ ಕುವರ ಲಕ್ಷ್ಮನದು. ಶಾಸನದಲ್ಲಿ ಅವನ ಹೆಂಡತಿಯ ಮಾತೂ ಬರುತ್ತದೆ. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರ ಕೆತ್ತನೆ ಆ ಕಂಬದಲ್ಲಿದೆ. ನಿನ್ನ ಕರಡಿನಲ್ಲಿ ಆಣೆಗಾಗಿ ಸತ್ತರೆ ಅಂಕ ಜಾಸ್ತಿ ಅಂತಿದೆ. ಅದನ್ನು ತೆಗೆ. ಹದಿನಾರು ವರ್ಷದ ಮಕ್ಕಳೂ ಇದನ್ನು ಆಡುತ್ತಾರೆ. ಆಣೆ ಮುರಿದವನ ಕಥೆಯೂ ಮುಂದುವರಿಯಬೇಕು, ಅವನು ಊರಿಗೆ ಹೇಗೆ ಮುಖ ತೋರಿಸುತ್ತಾನೆ ಅನ್ನುವುದು ಸಾಯುವುದಕ್ಕಿಂತ ಕಷ್ಟದ ಆಟ ಅಲ್ವಾ? ಜೊತೆಗೆ, ಆಟಕ್ಕೆ ಮೊದಲು ಯಾವ ವಿಷಯ ಬೇಡ ಅಂತ ಎಲ್ಲರೂ ಮಾತಾಡಿಕೊಳ್ಳುವ ಅರ್ಧ ಪುಟ ಹಾಕು.

ಚಿತ್ರ ಬರೆಯುವ ಹುಡುಗಿಗೆ ವಾಟ್ಸಾಪಿನಲ್ಲಿ ‘ಓಕೆ’ ಅಂದು ಸುಮ್ಮನಾಗಬೇಡ. ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಮೆರಿಕದ ಕನ್ನಡಿಗರಿಗೂ ಮಾರಬೇಕು ಅನ್ನುವವಳು ನೀನೇ. ಒಂದು ಪುಟದ ಒಪ್ಪಂದ ಸಾಕು. ದುಡ್ಡು ಎಷ್ಟು, ಮರುಮುದ್ರಣಕ್ಕೆ ಎಷ್ಟು ಅಂತ ಸ್ಪಷ್ಟವಾಗಿ ಬರೆ. ಅರ್ಧ ದುಡ್ಡು ಮುಂಚೆ ಕೊಡು. ಅವಳ ಹೆಸರು ರಕ್ಷಾಪುಟದ ಮೇಲೆ ಬರಲಿ.

ಬೇರೆಯವರ ನಿಯಮ ಬಳಸುವ ಪ್ರಶ್ನೆ ಈಗ ಉಳಿಯಲಿಲ್ಲ. 2023ರ ಜನವರಿಯಲ್ಲಿ ಪರವಾನಗಿ ಬಿಗಿ ಮಾಡಲು ಹೋಗಿ ಅಷ್ಟು ಗಲಾಟೆ ಆದ ಮೇಲೆ ವಿಝರ್ಡ್ಸ್‌ನವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 5.1 ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟರು, ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು. ಆದರೆ ಕವಡೆ ನಮ್ಮದಾದ ಮೇಲೆ ಅದು ಯಾಕೆ?

ದುಡ್ಡಿನ ದಾರಿ ಹೇಳುತ್ತೇನೆ. ನೀನು ಕ್ರೌಡ್‌ಫಂಡಿಂಗ್ ಅನ್ನುವುದನ್ನು ಕನ್ನಡದ ಪ್ರಕಾಶಕರು ಪ್ರಕಟಣಪೂರ್ವ ಬೆಲೆ ಅಂತ ಮಾಡಿಕೊಂಡೇ ಬಂದಿದ್ದಾರೆ. ಮುಖಬೆಲೆ 200, ಮುಂಗಡ ಕೊಟ್ಟವರಿಗೆ 150. ಅಂಗಡಿಗೆ ಕೊಟ್ಟರೆ 30ರಿಂದ 40 ಪರ್ಸೆಂಟ್ ಕಮಿಷನ್ ಹೋಗುತ್ತದೆ, ಹಾಗಾಗಿ 150ಕ್ಕೆ ನೇರವಾಗಿ ಮಾರಿದರೂ ನಮಗೇ ಲಾಭ. ಬಟ್ಟೆಯ ನಕ್ಷೆ, ಗೊಂಬೆ ಅಂತ ಮಧ್ಯದಲ್ಲಿ ಹೊಸ ಆಸೆ ತೋರಿಸಬಾರದು. ಹೇಳಿದ ತಿಂಗಳಿಗೆ ಪುಸ್ತಕ ಕೈಗೆ ಹೋಗಬೇಕು. ಮೊದಲು 300 ಪ್ರತಿ. ಪ್ಲೇಟ್ ಪ್ರೆಸ್ಸಿನವರ ಹತ್ತಿರ ಇರುತ್ತದೆ, ಖಾಲಿಯಾದರೆ ಮತ್ತೆ 300 ಹಾಕಿಸೋಣ. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ನಾನು ಅರ್ಜಿ ಹಾಕುತ್ತೇನೆ, ಅದಕ್ಕೆ ದುಡ್ಡಿಲ್ಲ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಉಳಿದ ಮೂರಕ್ಕೂ ಕಾನೂನಿನಂತೆ ಕಳಿಸಬೇಕಾದ ಪ್ರತಿಗಳನ್ನು ಲೆಕ್ಕದಲ್ಲಿ ಬಿಡಬೇಡ, ಹೋದ ಸಲ ನೀನು ಅವನ್ನೂ ಮಾರಾಟಕ್ಕೆ ಸೇರಿಸಿದ್ದೆ.

ಶನಿವಾರ ಬರುವಾಗ 64 ಪುಟಕ್ಕೆ ಇಳಿಸಿದ ಕರಡು ತಾ. ಏನು ಕಿತ್ತುಹಾಕುವುದು ಅಂತ ತಿಳಿಯದಿದ್ದರೆ ಪೂರ್ತಿ ತಾ, ಕೂತು ಕೀಳೋಣ. ಮಹಡಿ ಮನೆಯ ಹುಡುಗರು ಭಾನುವಾರ ಮತ್ತೆ ಆಡುತ್ತೇವೆ ಅಂದಿದ್ದಾರೆ. ಈ ಸಲ ನೀನು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡು.

ನಿನ್ನ,
ಅಮ್ಮ